ಮೂವತ್ತು ಸೆಕೆಂಡಿನ ಅಮ್ಮ

ಕಳೆದ ನಾಲ್ಕು ವರ್ಷಗಳಿಂದ ಜಾಹೀರಾತು ನೋಡುವುದೇ ನನ್ನ ಕೆಲಸ. ಪಿಎಚ್.ಡಿ.ಗೆ ನಾನು ಆರಿಸಿಕೊಂಡ ವಿಷಯ ಕನ್ನಡ ಟೀವಿಯ ಜಾಹೀರಾತು ಚಿತ್ರಗಳಲ್ಲಿ ಕುಟುಂಬ ಮತ್ತು ಭಾವುಕತೆ. ಊರಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಧಾರಾವಾಹಿಯ ನಡುವೆ ಅಡ್ವರ್ಟೈಸು ಬಂದರೆ ಎಲ್ಲರೂ ಎದ್ದು ಒಲೆ ನೋಡಲು, ಕೊಟ್ಟಿಗೆ ಇಣುಕಲು ಹೋಗುತ್ತಾರೆ; ಆಗ ಕದಲದೆ ಕೂತು ನೋಡುವವಳು ನಾನೊಬ್ಬಳೇ. 'ನಮ್ಮುಡ್ಗಿ ಎಲ್ರೂ ಎದ್ದೋಗೋದನ್ನ ಕೂತ್ಕೊಂಡು ಓದ್ತಾಳೆ' ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳುವುದುಂಟು. ನನ್ನ ಸಂಶೋಧನೆಗೆ ಇದಕ್ಕಿಂತ ಚೆನ್ನಾದ ಸಾರಾಂಶ ನನಗೂ ಇನ್ನೂ ಬರೆಯಲಾಗಿಲ್ಲ.

'ಕೊಳ್ಳಿ, ಕೊಳ್ಳಿ' ಎಂದು ಕೂಗುವ ಜಾಹೀರಾತುಗಳ ಕಾಲ ಪೂರ್ತಿ ಮುಗಿದಿಲ್ಲವಾದರೂ ದೊಡ್ಡ ಬ್ರಾಂಡುಗಳು ಈಗ ಕತೆ ಹೇಳುತ್ತವೆ. ಆ ಕತೆಗಳನ್ನು ಬಿಚ್ಚಿ ಬಿಚ್ಚಿ ನೋಡಿದ ಮೇಲೆ ಅವುಗಳ ಕಟ್ಟು ಸರಳವೆನಿಸುತ್ತದೆ. ಸಂಬಂಧವೊಂದರಲ್ಲಿ ಸಣ್ಣ ಕೊರತೆ ತೋರಿಸಬೇಕು: ಹಬ್ಬಕ್ಕೆ ಬಾರದ ಮಗ, ಮಾತು ಕಡಿಮೆ ಮಾಡಿದ ಅಪ್ಪ, ಹೊಸ ಶಾಲೆಯಲ್ಲಿ ಗೆಳೆಯರಿಲ್ಲದ ಮಗು. ಆ ಕೊರತೆಯನ್ನು ಯಾರಾದರೊಬ್ಬರು ಹೆಚ್ಚು ಮಾತಿಲ್ಲದೆ ತುಂಬಬೇಕು. ತುಂಬುವ ಗಳಿಗೆಯಲ್ಲಿ ಒಂದು ಮುಖ ಕ್ಯಾಮೆರಾದ ಹತ್ತಿರಕ್ಕೆ ಬರಬೇಕು, ಹಿಂದೆ ಪಿಯಾನೋ ಇಲ್ಲವೇ ಕೊಳಲು ಕೇಳಿಸಬೇಕು. ಸರಕಿನ ಹೆಸರು ಬರುವುದು ಕೊನೆಯ ಮೂರ್ನಾಲ್ಕು ಸೆಕೆಂಡಿನಲ್ಲಿ, ನೋಡುವವರ ಕಣ್ಣು ಇನ್ನೂ ಒದ್ದೆ ಇರುವಾಗಲೇ. ಕಬ್ಬಿನ ಗದ್ದೆಯಲ್ಲಿ ನೆಲ ಹಸಿ ಇದ್ದಾಗ ಗೊಬ್ಬರ ಹಾಕಿದರೆ ಅದು ಬೇರಿಗೆ ಇಳಿಯುತ್ತದೆ, ಒಣಗಿದ ಮೇಲೆ ಹಾಕಿದರೆ ದಂಡ. ಜಾಹೀರಾತಿನವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು.

ಇದನ್ನು ತೆಗಳುವುದಕ್ಕೆ ಹೇಳುತ್ತಿಲ್ಲ. ಕೆಲವು ಚಿತ್ರಗಳು ನಿಜಕ್ಕೂ ಚೆನ್ನಾಗಿವೆ. 1994ರ ಕ್ಯಾಡ್‌ಬರಿ ಚಿತ್ರದಲ್ಲಿ ಗೆಳೆಯ ಸಿಕ್ಸರ್ ಹೊಡೆದ ಖುಷಿಗೆ ಹುಡುಗಿಯೊಬ್ಬಳು ಕಾವಲಿನವನನ್ನು ತಪ್ಪಿಸಿ ಮೈದಾನಕ್ಕೆ ನುಗ್ಗಿ ಕುಣಿಯುತ್ತಾಳೆ. 2021ರಲ್ಲಿ ಅದನ್ನೇ ತಿರುವಿಹಾಕಿ, ಆಡುವವಳು ಹುಡುಗಿ, ಕುಣಿಯುವವನು ಹುಡುಗ ಎಂದು ಮಾಡಿದರು. ಎರಡನ್ನೂ ಒಟ್ಟಿಗೆ ತೋರಿಸಿದರೆ ಇಪ್ಪತ್ತೇಳು ವರ್ಷದಲ್ಲಿ ಏನಾಯಿತು ಎಂದು ಪಾಠ ಮಾಡುವ ಅಗತ್ಯವೇ ಇರುವುದಿಲ್ಲ. ಇನ್ನು 2013ರಲ್ಲಿ ಗೂಗಲ್ ಹೊರತಂದ 'ರಿಯೂನಿಯನ್' ಅಂತೂ ಮೂರೂವರೆ ನಿಮಿಷದಲ್ಲಿ ದೇಶ ವಿಭಜನೆಯ ಕತೆ ಹೇಳುತ್ತದೆ. ದಿಲ್ಲಿಯ ಮುದುಕ ಬಲದೇವ್ ತನ್ನ ಬಾಲ್ಯದ ಗೆಳೆಯ ಯೂಸುಫ್‌ನನ್ನು, ಲಾಹೋರಿನ ಗಾಳಿಪಟಗಳನ್ನು, ಇಬ್ಬರೂ ಕದ್ದು ತಿನ್ನುತ್ತಿದ್ದ ಮಿಠಾಯಿಯನ್ನು ನೆನೆಯುತ್ತಾನೆ. ಮೊಮ್ಮಗಳು ಗೂಗಲ್‌ನಲ್ಲಿ ಹುಡುಕಿ ಯೂಸುಫ್‌ನನ್ನು ದಿಲ್ಲಿಯ ಬಾಗಿಲಿಗೆ ತಂದು ನಿಲ್ಲಿಸುತ್ತಾಳೆ.

ಲಾಹೋರಿನ ಆ ಯೂಸುಫ್ ಯಾರೆಂದು ತಿಳಿದಾಗ ನಾನು ಚಿತ್ರವನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಅವರು ನಮ್ಮ ಎಂ.ಎಸ್. ಸತ್ಯು. ಮೈಸೂರಿನಲ್ಲಿ ಹುಟ್ಟಿದವರು, ವಿಭಜನೆಯ ಬಗ್ಗೆ 'ಗರಂ ಹವಾ' ಮಾಡಿದವರು, ಕನ್ನಡದಲ್ಲಿ 'ಕನ್ನೇಶ್ವರ ರಾಮ', 'ಬರ' ಕೊಟ್ಟವರು. 'ಗರಂ ಹವಾ'ದಲ್ಲಿ ಆಗ್ರಾದ ಚಪ್ಪಲಿ ವ್ಯಾಪಾರಿಯೊಬ್ಬನ ಮನೆಯಿಂದ ಒಬ್ಬೊಬ್ಬರೇ ಹೊರಟುಹೋಗುತ್ತಾರೆ; ವಾಪಸು ಬಂದು ಉಳಿಯಲು ಯಾರಿಗೂ ಆಗುವುದಿಲ್ಲ. ಅದನ್ನು ಮಾಡಿದ ಮನುಷ್ಯನೇ ನಲವತ್ತು ವರ್ಷದ ನಂತರ, ವಾಪಸು ಬಂದವನ ಪಾತ್ರದಲ್ಲಿ ಬಾಗಿಲಲ್ಲಿ ನಿಂತು ನಗುತ್ತಾನೆ. ಸಿನಿಮಾ ಯಾವುದನ್ನು ಆಗುವುದಿಲ್ಲ ಎಂದು ತೋರಿಸಿತ್ತೋ ಅದನ್ನು ಜಾಹೀರಾತು ಆಗಿಸಿಬಿಡುತ್ತದೆ. ಆಗಿಸಲೇಬೇಕು; ಸಿಗಲಿಲ್ಲ ಎಂದು ಮುಗಿಯುವ ಕತೆಯಿಂದ ಹುಡುಕುವ ಯಂತ್ರ ಮಾರುವುದು ಹೇಗೆ?

ಇಂಥ ಚಿತ್ರಗಳು ಕನ್ನಡಕ್ಕೆ ಬರುವಾಗ ಇನ್ನೊಂದು ಪಲ್ಲಟವಾಗುತ್ತದೆ. 1960ರ ದಶಕದಲ್ಲಿ ಅನಕೃ ಅಂಥವರು ಮುಂದೆ ನಿಂತು ಡಬ್ಬಿಂಗ್ ಸಿನಿಮಾ ಬೇಡವೆಂದು ಚಳವಳಿ ಮಾಡಿದರು. ದಶಕಗಟ್ಟಲೆ ಡಬ್ಬಿಂಗ್ ಚಿತ್ರ, ಧಾರಾವಾಹಿಗಳು ಕನ್ನಡದ ಹೊಸಿಲು ದಾಟಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂತು, 2020ರ ಲಾಕ್‌ಡೌನಿನಲ್ಲಿ ಹಿಂದಿಯ ಮಹಾಭಾರತ ಕನ್ನಡ ಮಾತಾಡಿತು, ಪರ ವಿರೋಧ ಎರಡೂ ಜೋರಾಗಿ ನಡೆದವು. ಆದರೆ ಅಷ್ಟೂ ವರ್ಷ, ಕನ್ನಡದ್ದೇ ಧಾರಾವಾಹಿಗಳ ನಡುವೆ ಹತ್ತು ನಿಮಿಷಕ್ಕೊಮ್ಮೆ, ಮುಂಬಯಿಯ ಮನೆಗಳಲ್ಲಿ ತೆಗೆದ ಜಾಹೀರಾತುಗಳು ತುಟಿಗೂ ಮಾತಿಗೂ ತಾಳೆಯಿಲ್ಲದೆ ಡಬ್ ಆಗಿ ಬರುತ್ತಲೇ ಇದ್ದವು. ಅದನ್ನು ಯಾರೂ ಡಬ್ಬಿಂಗ್ ಎಂದು ಕರೆಯಲೇ ಇಲ್ಲ. ಹೀಗಾಗಿ ನನ್ನ ತಲೆಮಾರಿನ ಮಕ್ಕಳು ಕಂಡ ಮೊದಲ ಡಬ್ಬಿಂಗ್ ತಾಯಿ ಸಿನಿಮಾದವಳಲ್ಲ, ಮೂವತ್ತು ಸೆಕೆಂಡಿನ ಅಮ್ಮ. ಅವಳು ಅಮ್ಮನೇ ಹೊರತು ಎಂದೂ ಅವ್ವ ಅಲ್ಲ. ಗ್ರಾನೈಟ್ ಕಟ್ಟೆಯ ಅಡಿಗೆಮನೆಯಲ್ಲಿ, ಇಸ್ತ್ರಿ ಮಾಡಿದ ಕಾಟನ್ ಕುರ್ತಾ ತೊಟ್ಟು, ಬಾಗಿಲ ಕಡೆ ನೋಡುತ್ತಾ ನಿಂತಿರುತ್ತಾಳೆ. ಅವಳ ಕೈಯಲ್ಲಿ ಕೆಲಸ ಇದ್ದಂತೆ ಕಾಣುತ್ತದೆ, ಆದರೆ ಕೆಲಸ ಮುಗಿದಿರುತ್ತದೆ.

ಈ ಕೊನೆಯ ಮಾತನ್ನು ನನಗೆ ಹೇಳಿಕೊಟ್ಟದ್ದು ಪುಸ್ತಕಗಳಲ್ಲ, ಕಿರಂಗೂರಿನ ಹೆಂಗಸರು.

ಕಿರಂಗೂರು ಶ್ರೀರಂಗಪಟ್ಟಣದ ಮಗ್ಗುಲಿನ ಊರು. ಹೊರಗಿನವರಿಗೆ ಅದರ ಪರಿಚಯ ಏನಾದರೂ ಇದ್ದರೆ ಬನ್ನಿಮಂಟಪದಿಂದ. ಶ್ರೀರಂಗಪಟ್ಟಣ ದಸರಾದ ಜಂಬೂಸವಾರಿ ಅಲ್ಲಿಂದಲೇ ಹೊರಡುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ದಸರಾ ಇದು ಎಂದು ಪ್ರತಿ ವರ್ಷ ಮೈಕಿನಲ್ಲಿ ಹೇಳುತ್ತಾರೆ, ಕ್ಯಾಮೆರಾಗಳು ಬರುತ್ತವೆ, ಆನೆಯ ಹಿಂದೆ ಹೋಗುತ್ತವೆ. ಉಳಿದ ಮುನ್ನೂರ ಅರವತ್ತು ಚಿಲ್ಲರೆ ದಿನ ಊರಿನಲ್ಲಿ ಇರುವುದು ಭತ್ತ, ಕಬ್ಬು ಮತ್ತು ಹಾಲು. ಸ್ವಲ್ಪ ದೂರದ ಮಹದೇವಪುರಕ್ಕೆ ಸಿನಿಮಾದವರು ಹಳ್ಳಿ ಬೇಕೆಂದಾಗಲೆಲ್ಲ ಬರುತ್ತಾರೆ. ಅಲ್ಲಿ ಹೊಳೆ, ತೋಪು, ಮಂಟಪ ಎಲ್ಲ ಇದೆ. ನಮ್ಮ ಬೀದಿಯಲ್ಲಿ ತಿಪ್ಪೆ ಇದೆ, ಯಾರೂ ಬರುವುದಿಲ್ಲ.

ಸಂಶೋಧನೆಯ ಕ್ಷೇತ್ರಕಾರ್ಯಕ್ಕೆಂದು ಹೋದ ವರ್ಷ ನಾನು ಕೆಲವು ಸಂಜೆ ಡೇರಿಯ ಮುಂದಿನ ಕಟ್ಟೆಯ ಮೇಲೆ ಕೂತೆ. ಹಾಲು ಹಾಕುವ ಹೊತ್ತಿಗೆ ಅರ್ಧ ಗಂಟೆ ಮುಂಚೆಯೇ ಹೆಂಗಸರು ಕ್ಯಾನು ಹಿಡಿದು ಬಂದು ಸೇರುತ್ತಾರೆ. ಊರಿನ ಸುದ್ದಿ ಓಡಾಡುವುದು ಆಗಲೇ. ನನ್ನ ಫೋನಿನಲ್ಲಿ ಜಾಹೀರಾತು ಚಿತ್ರಗಳನ್ನು ಹಾಕಿ, ನೋಡಿ ಏನನ್ನಿಸಿತು ಹೇಳಿ ಎಂದು ಕೇಳುವುದು ನನ್ನ ಯೋಜನೆ. ಪ್ರಶ್ನಾವಳಿ ಅಚ್ಚು ಹಾಕಿಸಿಕೊಂಡು ಹೋಗಿದ್ದೆ. ಅದು ಮೊದಲನೆಯ ಸಂಜೆಯೇ ಹುಲ್ಲಿನ ಹೊರೆಯ ಮೇಲೆ ಕೂರಲು ಯಾರಿಗೋ ಉಪಯೋಗಕ್ಕೆ ಬಂತು.

ಮೊದಲು ತೋರಿಸಿದ್ದು ಮಕ್ಕಳು ಎತ್ತರ ಬೆಳೆಯಲು ಹಾಲಿಗೆ ಬೆರೆಸುವ ಪುಡಿಯೊಂದರದು. ಅಮ್ಮ ಲೋಟ ಕೊಡುತ್ತಾಳೆ, ಮಗ ಗಟಗಟ ಕುಡಿಯುತ್ತಾನೆ, ಮುಂದಿನ ದೃಶ್ಯದಲ್ಲಿ ಓಟದಲ್ಲಿ ಗೆಲ್ಲುತ್ತಾನೆ, ಅಮ್ಮನ ಕಣ್ಣು ತುಂಬುತ್ತದೆ. ಕಟ್ಟೆಯ ತುದಿಯಲ್ಲಿ ಕೂತವರೊಬ್ಬರು ಫೋನನ್ನು ಕಿತ್ತುಕೊಂಡು ಮತ್ತೊಮ್ಮೆ ನೋಡಿದರು. 'ಅಲ್ಲ ಕನವ್ವ, ಪುಡಿಗೇನೋ ಎಸ್ರೈತೆ, ಆಲಿಗೆ ಎಸ್ರೇ ಇಲ್ವಲ್ಲ? ಲೋಟದ್ ತುಂಬ ಇರಾದು ಆಲು, ಪುಡಿ ಎಲ್ಡೇ ಚಮ್ಚ. ಗೆದ್ದುದ್ದು ಮಾತ್ರ ಪುಡಿ!' ಎಲ್ಲರೂ ನಕ್ಕರು. ಇದನ್ನೇ ಮಾಧ್ಯಮ ಅಧ್ಯಯನದ ಭಾಷೆಯಲ್ಲಿ ನಾನು ಹನ್ನೆರಡು ಪುಟ ಬರೆದಿದ್ದೆ.

ಆಮೇಲೆ 2005ರ ಸರ್ಫ್ ಎಕ್ಸೆಲ್ ಚಿತ್ರ. ಶಾಲೆಯಿಂದ ಬರುವಾಗ ತಂಗಿ ಕೆಸರಿಗೆ ಬೀಳುತ್ತಾಳೆ. ಅಣ್ಣ ಆ ಕೆಸರಿನ ಜತೆಗೇ ಕುಸ್ತಿಗೆ ಬಿದ್ದು, ಗುದ್ದಿ, ಅದರಿಂದ ಕ್ಷಮೆ ಕೇಳಿಸುತ್ತಾನೆ. ಭಾರತದ ಅತಿ ಚೆಂದದ ಜಾಹೀರಾತುಗಳಲ್ಲಿ ಅದೊಂದು, ಈಗಲೂ ನೋಡಿದರೆ ತುಟಿಯಂಚಿನಲ್ಲಿ ನಗು ಬರುತ್ತದೆ. (ಕೊಳೆಯ ಕಲೆಗೂ ಕಲಾವಿದನ ಕಲೆಗೂ ಒಂದೇ ಪದವಿರುವ ಭಾಷೆ ನಮ್ಮದು, ಆ ಸರಣಿಯ ಜಾಹೀರಾತುಗಳು ಕನ್ನಡಕ್ಕೆ ಬಂದಾಗ ಈ ಲಾಭವನ್ನು ಯಾರೂ ಬಳಸಿಕೊಳ್ಳಲಿಲ್ಲವೆಂಬುದು ನನ್ನ ಹಳೆಯ ಕೊರಗು.) ಹೆಂಗಸರಿಗೂ ಇಷ್ಟವಾಯಿತು. 'ಮಗ ಚಂದಾಗವ್ನೆ' ಎಂದರು. ಆದರೆ ನಾಲೆಯ ಕಲ್ಲಿನ ಮೇಲೆ ಮೂವತ್ತು ವರ್ಷ ಬಟ್ಟೆ ಕುಕ್ಕಿದವರೊಬ್ಬರು ಬಿಡಲಿಲ್ಲ: 'ಒಗ್ಯೋಳು ಯಾರು ಅಂತ ತೋರ್ಸ್‌ಲಿಲ್ವಲ್ಲ?' ಒಗೆಯುವುದನ್ನು ತೋರಿಸದೆ ಇರುವುದೇ ಆ ಚಿತ್ರದ ಜಾಣತನ ಎಂದು ನಾನು ವಿವರಿಸಲು ಹೋಗಲಿಲ್ಲ. ಅವರಿಗೆ ಅದು ಆಗಲೇ ಗೊತ್ತಾಗಿತ್ತು.

ಕೊನೆಗೆ 'ರಿಯೂನಿಯನ್' ಹಾಕಿದೆ. ಹಿಂದಿ ಯಾರಿಗೂ ಬರದು. ನಡುನಡುವೆ ನಾನೇ ಹೇಳಿದೆ. ಇಬ್ಬರು ಮುದುಕರು ತಬ್ಬಿಕೊಂಡಾಗ ಎಲ್ಲರೂ ಸುಮ್ಮನಾದರು. ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಒಳಗೊಳಗೇ ಸಮಾಧಾನ, ಚಿತ್ರ ಇಲ್ಲೂ ಕೆಲಸ ಮಾಡಿತಲ್ಲ ಎಂದು. ಅಷ್ಟರಲ್ಲಿ ಅರವತ್ತು ದಾಟಿದ ಒಬ್ಬಾಕೆ ಹೇಳಿದರು: 'ಅವ್ರಿಬ್ರಿಗೂ ಊರು ಅಂತ ಒಂದಿತ್ತು, ಅದ್ಕೆ ಉಡುಕುದ್ರೆ ಸಿಕ್ತು. ನಮ್ಮತ್ತೆ ತೌರೂರು ನೀರೊಳ್ಗೈತೆ. ಅದುನ್ನ ಯಾವ್ ಫೋನಲ್ಲಿ ಉಡುಕ್ಲವ್ವ?'

ಕನ್ನಂಬಾಡಿ ಕಟ್ಟೆಯ ಮಾತು ಅದು. 1911ರಲ್ಲಿ ಶುರುವಾಗಿ 1932ರ ಹೊತ್ತಿಗೆ ಮುಗಿದ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಸೇರಿದಂತೆ ಎಷ್ಟೋ ಊರುಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿ ಮೇಲೇಳುತ್ತಿತ್ತು. ಈಗ ಆ ಗುಡಿಯನ್ನೂ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ. ಆ ಕಟ್ಟೆಯಿಂದಲೇ ಮಂಡ್ಯ ಸೀಮೆಗೆ ನೀರು ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು, ನಮ್ಮ ಮನೆಗಳಿಗೆ ತಾರಸಿ ಬಂತು. ಆ ಅತ್ತೆ ಸಾಯುವತನಕ ತೌರು ಎಂದರೆ ಪಡುವಣ ದಿಕ್ಕಿಗೆ ಕೈ ತೋರಿಸುತ್ತಿದ್ದರಂತೆ, ಅಷ್ಟೇ. ನಮ್ಮ ಸೀಮೆಯ ಅಗಲಿಕೆಗೆ ಗಡಿ ಇಲ್ಲ, ಪಾಸ್‌ಪೋರ್ಟ್ ಇಲ್ಲ, ಬಾಗಿಲಲ್ಲಿ ಬಂದು ನಿಲ್ಲುವವರೂ ಇಲ್ಲ. ಹಾಗಾಗಿ ಅದನ್ನು ಯಾರೂ ಜಾಹೀರಾತು ಮಾಡಿಲ್ಲ. ಮಾಡದಿರುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ.

ಮಾತು ಅಣ್ಣಾವ್ರ ಕಡೆಗೆ ಹೊರಳಿದ್ದು ನಾನು ಹೊರಳಿಸಿದ್ದರಿಂದಲ್ಲ. 'ಆಲಿಂದು ಅಂದ್ರೆ ರಾಜ್‌ಕುಮಾರ್‌ದೇ ಕನವ್ವ. ಒಂದ್ ರುಪಾಯ್ನೂ ಇಸ್ಕೊಳ್ಲಿಲ್ವಂತೆ ಪುಣ್ಯಾತ್ಮ' ಎಂದು ಒಬ್ಬರು ಶುರುಮಾಡಿದರು. 1996ರಲ್ಲಿ ಡಾ. ರಾಜ್‌ಕುಮಾರ್ ನಂದಿನಿ ಹಾಲಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ರೈತರ ಸಂಸ್ಥೆ ಎಂಬ ಕಾರಣಕ್ಕೆ ಸಂಭಾವನೆ ತೆಗೆದುಕೊಳ್ಳಲಿಲ್ಲ. ನಾನು ಕೆದಕಿದೆ: ಆ ಚಿತ್ರದಲ್ಲಿ ಏನಿತ್ತು, ಅವರು ಏನು ಹೇಳುತ್ತಿದ್ದರು, ಯಾವ ಬಟ್ಟೆ ತೊಟ್ಟಿದ್ದರು? ಒಬ್ಬೊಬ್ಬರು ಒಂದೊಂದು ಹೇಳಿದರು, ಒಂದಕ್ಕೊಂದು ತಾಳೆಯಾಗಲಿಲ್ಲ. ಒಬ್ಬರು ಅದನ್ನು 'ಕಸ್ತೂರಿ ನಿವಾಸ'ದ ಜತೆಗೆ ಕಲಸಿಬಿಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ ಎಂಬುದು ಮಾತ್ರ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಇದರ ಮೇಲೆ ನಾನು ಬಹಳ ದಿನ ಯೋಚಿಸಿದ್ದೇನೆ. ನಾವು ಭಾವುಕ ಜಾಹೀರಾತುಗಳನ್ನು ಓದುವಾಗ ಚೌಕಟ್ಟಿನ ಒಳಗೆ ನೋಡುತ್ತೇವೆ: ದೃಶ್ಯ, ಸಂಗೀತ, ಮುಖ. ಆದರೆ ಕನ್ನಡದ ಅತಿ ಯಶಸ್ವಿ ಭಾವುಕ ಜಾಹೀರಾತಿನ ಕತೆ ಚೌಕಟ್ಟಿನ ಒಳಗೆ ಇರಲೇ ಇಲ್ಲ. ಅದು ಇದ್ದದ್ದು ಜಾಹೀರಾತಿನ ಬಗ್ಗೆ ಜನ ಒಬ್ಬರಿಗೊಬ್ಬರು ಹೇಳಿಕೊಂಡ ಮಾತಿನಲ್ಲಿ. ಚಿತ್ರ ಮರೆತುಹೋಗಿದೆ, ಮಾತು ಉಳಿದಿದೆ, ಮೂರು ದಶಕ ಹತ್ತಿರವಾದರೂ.

ನಮ್ಮ ಕಡೆ ಇದಕ್ಕೆ ಒಂದು ಪದವಿದೆ: ಮುಯ್ಯಿ. ಮದುವೆಯಲ್ಲಿ ಕೊಟ್ಟ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ; ನಾಟಿಯಲ್ಲಿ ನೀನು ನಮ್ಮ ಗದ್ದೆಗೆ ಬಂದರೆ ನಾಳೆ ನಾನು ನಿಮ್ಮ ಗದ್ದೆಗೆ, ಅದು ಮುಯ್ಯಾಳು. ಪುಕ್ಕಟೆ ಕೊಟ್ಟದ್ದು ಎಂಬುದು ಊರಿನಲ್ಲಿ ಇಲ್ಲವೇ ಇಲ್ಲ, ತೀರಿಸಬೇಕಾದದ್ದು ಎಂಬುದಷ್ಟೇ ಇದೆ. ರಾಜ್‌ಕುಮಾರ್ ಮಾಡಿದ್ದನ್ನು ಈ ಹೆಂಗಸರು ದಾನ ಎಂದುಕೊಂಡಿರಲಿಲ್ಲ, ಅವರು ಹಾಕಿದ ಮುಯ್ಯಿ ಎಂದುಕೊಂಡಿದ್ದರು. 'ಅವ್ರು ಎಸ್ರು ಕೊಟ್ಮೇಲೆ ನಾವು ನೀರ್ ಬೆರ್ಸಿದ್ರೆ ಆಯ್ತದಾ?' ಎಂದು ಅವರಲ್ಲೊಬ್ಬರು ಕೇಳಿದ್ದು ತಮಾಷೆಗಲ್ಲ. ಆ ಜಾಹೀರಾತು ಪಟ್ಟಣದವರಿಗೆ ಹಾಲು ಮಾರಿತೋ ಇಲ್ಲವೋ, ಹಳ್ಳಿಯಲ್ಲಿ ಹಾಲು ಕರೆಯುವವರನ್ನು ಒಂದು ಋಣಕ್ಕೆ ಕಟ್ಟಿಹಾಕಿತು. ಕಣ್ಣೀರು ತರಿಸುವ ಉಳಿದೆಲ್ಲ ಚಿತ್ರಗಳು ನಮ್ಮ ಅವ್ವ ಅಪ್ಪಂದಿರ ಮೇಲಿನ ಪ್ರೀತಿಯನ್ನು ಎರವಲು ಪಡೆಯುತ್ತವೆ, ಯಾವ ಪುಸ್ತಕದಲ್ಲೂ ಬರೆಸುವುದಿಲ್ಲ, ಮುಯ್ಯಿ ತೀರಿಸುವುದಿಲ್ಲ.

ತಂದೆಯ ನಂತರ ಪುನೀತ್ ಕೂಡ ಸಂಭಾವನೆಯಿಲ್ಲದೆ ನಂದಿನಿಗೆ ಮುಖ ಕೊಟ್ಟರು. 2021ರ ಅಕ್ಟೋಬರ್ 29ರ ಮೇಲೆ ಆ ಹಳೆಯ ಜಾಹೀರಾತುಗಳು ಜಾಹೀರಾತುಗಳಾಗಿ ಉಳಿಯಲಿಲ್ಲ. ನಮ್ಮೂರಿನ ಹಾಲಿನ ಅಂಗಡಿಯಲ್ಲಿ ಅವರ ಚಿತ್ರಕ್ಕೆ ಹಾರ ಬಿತ್ತು, ಅದು ಒಣಗಿದರೆ ಇನ್ನೊಂದು ಬಿತ್ತು. 2023ರಲ್ಲಿ ಶಿವರಾಜ್‌ಕುಮಾರ್ ಆ ಜಾಗಕ್ಕೆ ಬಂದರು. ಇಷ್ಟನ್ನು ಹೇಳಿ ಸುಮ್ಮನಾದರೆ ಚಿತ್ರ ಪೂರ್ತಿಯಾಗದು. ಪುನೀತ್ ಒಂದು ಚಿನ್ನದ ಸಾಲದ ಕಂಪನಿಯ ಜಾಹೀರಾತಿನಲ್ಲೂ ಇದ್ದರು, ಅದು ಅವರ ವೃತ್ತಿ. ನನ್ನವ್ವ ಹಿಂಡಿ, ಬೂಸ ತರಲು ದುಡ್ಡಿಲ್ಲದ ತಿಂಗಳು ಓಲೆ ಅಡ ಇಡಲು ಹೋದಾಗ ಕಚೇರಿಯ ಗೋಡೆಯ ಮೇಲಿದ್ದದ್ದು ಅದೇ ನಗುಮುಖ. 'ಅಪ್ಪು ಅವ್ನೆ, ಏನೂ ಆಗಲ್ಲ' ಎಂದಿದ್ದಳು. ಓಲೆ ಬಿಡಿಸಿಕೊಂಡಳು, ನಿಜಕ್ಕೂ ಏನೂ ಆಗಲಿಲ್ಲ. ಆದರೆ ಹಾಲಿನಿಂದ ಬಂದ ನಂಬಿಕೆ ಬಡ್ಡಿಯ ಬಾಗಿಲಿನವರೆಗೂ ಅವಳನ್ನು ಕೈಹಿಡಿದು ನಡೆಸಿತ್ತು. ಮುಖಕ್ಕೆ ಒಂದು ಹೆಸರು, ನಂಬಿಕೆಗೆ ಎರಡು ಜೇಬು.

ಹಾಗೆಂದು ದುಡ್ಡು ಕೊಟ್ಟು ಮುಖ ತರುವುದೇ ಪಾಪ ಎಂಬ ವಾದ ನನ್ನದಲ್ಲ. 2025ರಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ಕನ್ನಡದ ನಟಿ ಇರಲಿಲ್ಲವೇ ಎಂಬ ಗದ್ದಲ ಎದ್ದಿತು. ಹೊರರಾಜ್ಯದ ಮಾರುಕಟ್ಟೆ ಬೇಕು ಎಂದು ಸರ್ಕಾರ ಹೇಳಿತು. 2006ರಲ್ಲಿ ಧೋನಿಯನ್ನು ಕರೆತಂದಾಗಲೂ ಲೆಕ್ಕ ಅದೇ ಇತ್ತು. ಇಬ್ಬರ ಮಾತಿನಲ್ಲೂ ಅರ್ಥವಿದೆ. ಗದ್ದಲ ಮಾಡಿದವರ ಸಂಕಟ ಮಾತ್ರ ಭಾಷೆಗಿಂತ ಹಳೆಯದು ಎಂದು ನನ್ನ ಅನುಮಾನ. 1916ರಿಂದ ಬಚ್ಚಲಲ್ಲಿ ಇರುವ ಸೋಪು ಅದು. ಬಾಣಂತಿ ಕೋಣೆಯಲ್ಲಿ, ಮದುವೆಯ ಎಣ್ಣೆನೀರಿನಲ್ಲಿ ಅದರ ವಾಸನೆ ಸೇರಿಕೊಂಡುಬಿಟ್ಟಿದೆ. ಈಗಾಗಲೇ ನಮ್ಮದಾಗಿರುವ ಒಂದು ಕತೆಗೆ ಹೊಸದಾಗಿ ಯಾರಿಗೋ ಕೂಲಿ ಕೊಡುತ್ತಿದ್ದಾರಲ್ಲ ಎಂಬ ಕಸಿವಿಸಿ ಅದು. ಸಕ್ಕರೆ ಕಾರ್ಖಾನೆಯ ಬಾಕಿಗಾಗಿ ಕಾದು ಅಭ್ಯಾಸವಿರುವ ಜಿಲ್ಲೆಯಲ್ಲಿ ಈ ಕಸಿವಿಸಿ ಬೇಗ ಅರ್ಥವಾಗುತ್ತದೆ.

ಹಾಲು ಕರೆಯುವವರನ್ನೇ ತೋರಿಸಿದ ಚಿತ್ರ ಇಲ್ಲವೇ ಎಂದು ಕೇಳಿದರೆ, ಇದೆ. ಜಾಹೀರಾತಲ್ಲ, ಶ್ಯಾಮ್ ಬೆನೆಗಲ್ ಅವರ 'ಮಂಥನ್', 1976. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ನಿರ್ಮಿಸಿದ ಸಿನಿಮಾ. ಹಳ್ಳಿಗೆ ಸಹಕಾರ ಸಂಘ ಕಟ್ಟಲು ಬರುವ ಡಾ. ರಾವ್ ನಮ್ಮ ಗಿರೀಶ ಕಾರ್ನಾಡ. ಲ್ಯಾಪ್‌ಟಾಪಿನಲ್ಲಿ ಅವ್ವನಿಗೆ ತೋರಿಸಿದೆ. ಮಾತು ಅರ್ಥವಾಗಲಿಲ್ಲ, ಉಳಿದದ್ದೆಲ್ಲ ಅರ್ಥವಾಯಿತು. ಖಾಸಗಿ ಡೇರಿಯ ಮಿಶ್ರಾ ಕಡಿಮೆ ದರ ಕೊಟ್ಟು ಮೋಸ ಮಾಡುವುದು, ಹಾಲಿನ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡುವುದು, ಸಂಘದ ಚುನಾವಣೆಯಲ್ಲಿ ಸರಪಂಚ ಸೋತು ಮುಖ ಸಿಂಡರಿಸುವುದು, ಒಂದೊಂದಕ್ಕೂ ನಮ್ಮೂರಿನ ಒಬ್ಬೊಬ್ಬರ ಹೆಸರು ಹೇಳಿದಳು. ಆ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ. ಮುಗಿದ ಮೇಲೆ, 'ಯಾರ್ ದುಡ್ ಆಕಿದ್ದು?' ಎಂದಳು. ಹಾಲು ಹಾಕುವವರೇ ಎಂದೆ. 'ಅದುಕ್ಕೇ' ಎಂದಳು.

ಆ ಸಿನಿಮಾಕ್ಕಾಗಿ ಪ್ರೀತಿ ಸಾಗರ್ ಹಾಡಿದ ಹಾಡು ಮುಂದೆ ಅಮುಲ್ ಜಾಹೀರಾತಿನ ಹಾಡಾಯಿತು. ಹಾಡು ಬಂತು, ಹಸಿರು ಬಂತು, ಸಾಲುಗಟ್ಟಿ ನಿಲ್ಲುವ ಹೆಂಗಸರೂ ಬಂದರು. ಜಾತಿಯ ಜಗಳ, ನಸೀರುದ್ದೀನ್ ಶಾ ಮಾಡಿದ ಭೋಲಾನ ಸಿಟ್ಟು, ಊರು ಬಿಟ್ಟು ಹೋಗಬೇಕಾದ ಡಾಕ್ಟರ ಸೋಲು ಸಿನಿಮಾದಲ್ಲೇ ಉಳಿದವು. 2024ರಲ್ಲಿ 'ಮಂಥನ್' ಹೊಸ ಪ್ರತಿಯಾಗಿ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಅದಕ್ಕೂ ಒಂದು ವರ್ಷ ಮೊದಲು, 2023ರ ಏಪ್ರಿಲ್‌ನಲ್ಲಿ, ಬೆಂಗಳೂರಿಗೆ ಬರುತ್ತಿದ್ದೇವೆ ಎಂದು ಅಮುಲ್ ಪ್ರಕಟಿಸಿದಾಗ ಕರ್ನಾಟಕದಲ್ಲಿ ನಂದಿನಿ ಉಳಿಸಿ ಎಂಬ ಕೂಗೆದ್ದಿತು, ಚುನಾವಣೆಯ ಕಾಲ ಬೇರೆ. ನನ್ನ ಫೋನಿಗೆ ಆ ವಾರ ಬಂದ ಸಂದೇಶಗಳಲ್ಲಿ ಹೆಚ್ಚಿನವು ರಾಜ್‌ಕುಮಾರ್ ಚಿತ್ರಗಳೇ. ಎರಡು ರೈತ ಸಂಸ್ಥೆಗಳು, ಎರಡೂ ಕಡೆ ಎಮ್ಮೆ ಹಸು ಕಟ್ಟಿದ ಹೆಂಗಸರು. ನಡುವೆ ನಿಂತು ಎರಡನ್ನೂ ನೋಡಬಲ್ಲವರಾಗಿದ್ದ ಕಾರ್ನಾಡರು 2019ರಲ್ಲೇ ತೀರಿಕೊಂಡಿದ್ದರು.

ಇಷ್ಟೆಲ್ಲ ಹೇಳಲು ನನಗೊಂದು ಸ್ವಂತದ ಕಾರಣವೂ ಇದೆ. ನಾನು ಬಿ.ಎ., ಎಂ.ಎ. ಓದಿದ್ದು ಹಾಲಿನ ಬಟವಾಡೆಯಲ್ಲಿ. ಫೆಲೋಶಿಪ್ ತಡವಾದ ತಿಂಗಳುಗಳಲ್ಲಿ ಮಾನಸಗಂಗೋತ್ರಿಯ ಹಾಸ್ಟೆಲ್ ಮೆಸ್ಸಿನ ಬಿಲ್ಲು ಕಟ್ಟಿದ್ದೂ ಅದರಲ್ಲೇ. ಅವ್ವ ನನಗೆ ಎಂದೂ ಲೋಟ ಹಿಡಿದು ಬಾಗಿಲಲ್ಲಿ ಕಾದವಳಲ್ಲ. ನಾನು ಪರೀಕ್ಷೆಗೆ ಹೊರಡುವ ಹೊತ್ತಿಗೆ ಅವಳು ಡೇರಿಯಲ್ಲಿರುತ್ತಿದ್ದಳು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು, ಕ್ಯಾನು ಹೊತ್ತು ನಡೆದು, ಅಲ್ಲಿ ಮಿಷನ್ನು ಕೊಡುವ ಚೀಟಿಯನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಬರುತ್ತಿದ್ದಳು. ಚೀಟಿಯಲ್ಲಿ ನಾಲ್ಕು ಅಂಕಿ: ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ. ಫ್ಯಾಟು ಇಳಿದರೆ ದರ ಇಳಿಯುತ್ತದೆ. ಅವಳ ಮುಖ ನೋಡಿದರೆ ಅಂದಿನ ಫ್ಯಾಟು ಎಷ್ಟು ಎಂದು ನಾನು ಹೇಳಬಲ್ಲವಳಾಗಿದ್ದೆ. ಮೂರೂವರೆಯ ಮೇಲೆ ಇದ್ದರೆ ಹಟ್ಟಿಗೆ ಬರುವಾಗಲೇ ಮಾತು ಶುರು; ಕೆಳಗಿದ್ದರೆ ಹಸುವಿಗೆ ಬೈಗುಳ, ಆಮೇಲೆ ಅದಕ್ಕೇ ಒಂದು ಹಿಡಿ ಹೆಚ್ಚು ಬೂಸ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಖಾತೆಗೆ ಬಿದ್ದ ದಿನ ಪಾಸ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು ಎರಡು ಸಲ ಓದಿಸುತ್ತಿದ್ದಳು. ಮಗಳ ಬಗ್ಗೆ ಪ್ರೀತಿ ಇದೆಯೇ ಎಂದು ಯಾರೂ ಅವಳನ್ನು ಕೇಳಿಲ್ಲ. ಕೇಳಿದರೆ ಫ್ಯಾಟಿನ ಲೆಕ್ಕ ಹೇಳಿಯಾಳು.

ಆ ನಾಲ್ಕು ಅಂಕಿಗಳನ್ನು ಮೂವತ್ತು ಸೆಕೆಂಡಿನಲ್ಲಿ ಹೇಗೆ ತೋರಿಸುವುದು? ಜಾಹೀರಾತು ತೆಗೆಯುವ ಗೆಳೆಯನೊಬ್ಬ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ಈ ಪ್ರಶ್ನೆ ಹಾಕಿದೆ. 'ಚೀಟಿ ಬೇಡ, ಮುಖ ತೋರಿಸೋಣ' ಎಂದ. ಒಳ್ಳೆಯ ಹುಡುಗ, ಕಸುಬು ಬಲ್ಲವನು. ಮುಖ ತೋರಿಸಿದರೆ ಅದು ಅಮ್ಮನಾಗುತ್ತದೆ, ಚೀಟಿ ತೋರಿಸಿದರೆ ಮಾತ್ರ ಅವ್ವ ಎಂದು ನಾನು ಹಟ ಹಿಡಿದೆ. ಚೀಟಿಯ ಮೇಲಿನ ಅಂಕಿಗೆ ಯಾರು ಅಳುತ್ತಾರೆ ಎಂದ. ನಾನು ಅತ್ತಿದ್ದೇನೆ, ಆದರೆ ಅದು ಅವನಿಗೆ ಉತ್ತರವಲ್ಲ. ಅಂದು ಟೀ ಆರುವತನಕ ಜಗಳವಾಡಿ ಎದ್ದುಬಂದೆವು.

ಹೋದ ಯುಗಾದಿ ಕಳೆದ ಮೇಲೆ ಅವ್ವ ಕೊನೆಯ ಹಸುವನ್ನೂ ಮಾರಿದಳು. ಮಂಡಿ ನೋವು, ಕೂತರೆ ಏಳಲಾಗುವುದಿಲ್ಲ, ಕೂರದೆ ಕರೆಯಲಾಗುವುದಿಲ್ಲ. ಅಪ್ಪ ಇಲ್ಲ, ನಾನು ಮೈಸೂರಿನಲ್ಲಿ ಕೂತು ಜಾಹೀರಾತು ನೋಡುವವಳು. ಕೊಂಡವರು ಪಾಂಡವಪುರದ ಕಡೆಯವರು. ಹಸು ಗಾಡಿ ಹತ್ತುವಾಗ ಅವಳು ಅಳಲಿಲ್ಲ. ಹಗ್ಗ ಕೊಡುವುದಿಲ್ಲ, ಹಗ್ಗ ನಮ್ಮದು ಎಂದು ಜಗಳ ತೆಗೆದು ಹಗ್ಗ ಬಿಚ್ಚಿಸಿಕೊಂಡಳು. ಅದು ಈಗಲೂ ಕೊಟ್ಟಿಗೆಯ ಗೂಟದಲ್ಲಿದೆ.

ಮಾರನೆಯ ಬೆಳಿಗ್ಗೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಗೆ ಪ್ಯಾಕೆಟ್ ಹಾಲು ಬಂತು. ರಸ್ತೆಯ ಅಂಗಡಿಯಿಂದ ನಾನೇ ತಂದದ್ದು, ನೀಲಿ ಪ್ಯಾಕೆಟ್. ಅವ್ವ ಅದನ್ನು ಕೈಯಲ್ಲಿ ತೂಗಿ ನೋಡಿದಳು, ಮೂಲೆ ಕಚ್ಚಿ ಹರಿದು ಪಾತ್ರೆಗೆ ಸುರಿದಳು, ಖಾಲಿ ಪ್ಯಾಕೆಟ್ಟಿಗೆ ನೀರು ಹಾಕಿ ಗಲಗಲಿಸಿ ಅದನ್ನೂ ಸುರಿಯಲು ಹೋಗಿ ತಡೆದಳು. ಕಾಯಿಸಿದಳು. ಉಕ್ಕು ಬಂದಾಗ ಸೌದೆ ಎಳೆಯುವ ಹಾಗೆ ಕೈ ಒಲೆಯ ಕೆಳಗೆ ಹೋಯಿತು, ಗ್ಯಾಸಿನ ನೆನಪಾಗಿ ತಿರುಗಣೆ ತಿರುಗಿಸಿದಳು. ಆರಲು ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಕೆನೆಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು, ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡಳು.

'ಮೂರು' ಎಂದಳು. 'ಅದ್ರು ಮ್ಯಾಲಿಲ್ಲ.'

ಪ್ಯಾಕೆಟ್ಟನ್ನು ಬಿಡಿಸಿ ಓದಿದೆ. ಫ್ಯಾಟ್ 3.0 ಎಂದು ಅಚ್ಚಾಗಿತ್ತು.